ಹೈಸ್ಕೂಲುಗಳಿಗೆ ಹೋಗುವ ಮೊದಲು ನಿಮ್ಮ ಮೊದಲ ವರ್ಷದ ಗಣಿತದ ತರಗತಿಯನ್ನು ನೋಡಿ

ಅಮೆರಿಕದ ರಾಜ್ಯ ವಿಶ್ವವಿದ್ಯಾಲಯವೊಂದಕ್ಕೆ ಅಧ್ಯಾಪಕರಾಗಿ ಸೇರಿದ ಬೆನ್ನಿಗೇ ನಿಮ್ಮನ್ನು ಕಪ್ಪು, ಲ್ಯಾಟಿನೋ ಮತ್ತು ಮೂಲನಿವಾಸಿ ವಿದ್ಯಾರ್ಥಿಗಳ ಸಂಖ್ಯೆಯನ್ನು ಹೆಚ್ಚಿಸುವ ಸಮಿತಿಗೆ ಹಾಕಿದ್ದಾರೆ. ಸಮಿತಿಗೆ ಕೊಟ್ಟಿರುವ ಅಲ್ಪಸ್ವಲ್ಪ ಹಣವನ್ನು ಹೈಸ್ಕೂಲು ಭೇಟಿಗಳಿಗೆ ಬಳಸಬೇಕೋ, ವಿದ್ಯಾರ್ಥಿವೇತನಕ್ಕೋ, ಪ್ರಚಾರಕ್ಕೋ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಇಂಥದೇ ಸಮಿತಿಯಲ್ಲಿ ನಾನೂ ಕೂತಿದ್ದೆ. ಭಾರತದಿಂದ ಬಂದವರೊಬ್ಬರನ್ನು ಕೂರಿಸಿದರೆ ವೈವಿಧ್ಯ ಬಂತೆಂದು ಭಾವಿಸುವ ಡೀನ್‌ಗಳು ಎಲ್ಲ ಕಡೆಯೂ ಇರುತ್ತಾರೆ, ಅದರ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ.

ಆಗ ನಾನು ಮೊದಲ ವರ್ಷದ ಗಣಿತದ ತರಗತಿಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೆ. ಸಮಿತಿ ನಗರದ ಹೈಸ್ಕೂಲುಗಳಿಗೆ ಹೋಯಿತು, ಅರ್ಜಿ ಶುಲ್ಕವನ್ನು ಮನ್ನಾ ಮಾಡಿಸಿತು, ನಾಲ್ಕು ವರ್ಷಗಳ ವಿದ್ಯಾರ್ಥಿವೇತನವನ್ನು ಘೋಷಿಸಿತು. ವಿದ್ಯಾರ್ಥಿಗಳು ಬಂದರು. ಎಲ್ಲರೂ ಪರಸ್ಪರ ಅಭಿನಂದಿಸಿಕೊಂಡೆವು. ಕರೆತರುವ ಕೆಲಸದ ಬಗ್ಗೆ ಹೇಳಲು ಇದಕ್ಕಿಂತ ಹೆಚ್ಚೇನೂ ಇಲ್ಲ, ಏಕೆಂದರೆ ನಮ್ಮನ್ನು ಕೆಡಿಸಿದ್ದು ಅದಲ್ಲ.

ಕೆಡಿಸಿದ್ದು ಬೇಸಿಗೆಯಲ್ಲಿ ನಾನು ತೆಗೆದುಕೊಂಡ ಒಂದು ತೀರ್ಮಾನ. ಪ್ರವೇಶ ಪಡೆದವರೆಲ್ಲ ಆನ್‌ಲೈನ್‌ನಲ್ಲಿ ಯಾರು ಯಾವ ಗಣಿತದ ತರಗತಿಗೆ ಸೇರಬೇಕೆಂದು ತೀರ್ಮಾನಿಸುವ ಪ್ಲೇಸ್‌ಮೆಂಟ್ ಪರೀಕ್ಷೆಯೊಂದನ್ನು ಬರೆಯಬೇಕಿತ್ತು. ಅದರಲ್ಲಿ ಕಡಿಮೆ ಅಂಕ ಬಂದವರು ಕ್ಯಾಲ್ಕುಲಸ್‌ಗೆ ಮೊದಲು ಪೂರ್ವಸಿದ್ಧತೆಯ ತರಗತಿಗೆ ಹೋಗಬೇಕಿತ್ತು. ನಮ್ಮ ಯೋಜನೆಯಡಿ ಬಂದ ವಿದ್ಯಾರ್ಥಿಗಳು ಯಾವ ಕಾರಣಕ್ಕೂ ನಪಾಸಾಗಬಾರದೆಂಬ ಕಾಳಜಿಯಿಂದ, ಅವರ ಮಟ್ಟಿಗೆ ಆ ಕನಿಷ್ಠ ಅಂಕವನ್ನು ನಾನು ಇನ್ನಷ್ಟು ಮೇಲಕ್ಕೇರಿಸಿದೆ. ‘ನಿಮ್ಮ ಯಶಸ್ಸಿಗಾಗಿ ವಿಶೇಷವಾಗಿ ರೂಪಿಸಿದ ತರಗತಿ’ ಎಂದು ಪತ್ರವನ್ನೂ ಬರೆದೆ. ಉದ್ದೇಶ ಒಳ್ಳೆಯದೇ ಇತ್ತು. ಅದರ ಪರಿಣಾಮವನ್ನು ಮಾತ್ರ ಬಿಡಿಬಿಡಿಯಾಗಿ ಹೇಳಬೇಕು, ಏಕೆಂದರೆ ಅದು ಯಾವ ವರದಿಯಲ್ಲೂ ಒಂದೇ ಕಡೆ ಕಾಣಿಸಿಕೊಳ್ಳುವುದಿಲ್ಲ.

ಆ ತರಗತಿಗೆ ಶುಲ್ಕವಿತ್ತು, ಆದರೆ ಅದರ ಕ್ರೆಡಿಟ್ ಪದವಿಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಎಂಜಿನಿಯರಿಂಗ್‌ಗೆ ಬಂದ ವಿದ್ಯಾರ್ಥಿ ಮೊದಲ ಕ್ಯಾಲ್ಕುಲಸ್ ಮುಗಿಸದೆ ಭೌತಶಾಸ್ತ್ರವನ್ನು ತೆಗೆದುಕೊಳ್ಳುವಂತಿರಲಿಲ್ಲ, ಭೌತಶಾಸ್ತ್ರವಿಲ್ಲದೆ ಎರಡನೆಯ ವರ್ಷದ ಯಂತ್ರಶಾಸ್ತ್ರಕ್ಕೆ ಹೋಗುವಂತಿರಲಿಲ್ಲ, ಮತ್ತು ಅವುಗಳಲ್ಲಿ ಕೆಲವು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತಿದ್ದವು. ಹೀಗಾಗಿ ಒಂದು ಸೆಮಿಸ್ಟರ್‌ನ ‘ಸಿದ್ಧತೆ’ ಒಂದು ವರ್ಷದ ವಿಳಂಬವಾಯಿತು. ನಾವು ಕೊಟ್ಟ ವಿದ್ಯಾರ್ಥಿವೇತನ ನಾಲ್ಕೇ ವರ್ಷಗಳದ್ದು. ಐದನೆಯ ವರ್ಷದ ಹಣವನ್ನು ಯಾರು ಕೊಡುತ್ತಾರೆಂಬುದನ್ನು ನಾನು ಯೋಚಿಸಿರಲೇ ಇಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ, ಆ ಕೊಠಡಿಯಲ್ಲಿ ಕೂತಿದ್ದವರಲ್ಲಿ ಬಹುಪಾಲು ನಮ್ಮ ಯೋಜನೆಯವರೇ ಆಗಿದ್ದರು. ಬಾಗಿಲಲ್ಲಿ ಹಾದುಹೋಗುವ ಯಾರಿಗಾದರೂ ಅಲ್ಲಿ ಯಾರನ್ನು ಕೂರಿಸಲಾಗಿದೆ, ಏಕೆ ಕೂರಿಸಲಾಗಿದೆ ಎಂಬುದು ಕೇಳದೆಯೇ ತಿಳಿಯುತ್ತಿತ್ತು.

ಹೈಸ್ಕೂಲಿನಲ್ಲಿಯೇ ಕ್ಯಾಲ್ಕುಲಸ್ ಓದಿ ಒಳ್ಳೆಯ ಅಂಕ ಪಡೆದಿದ್ದ ಹುಡುಗನೊಬ್ಬ ಆ ತರಗತಿಯಲ್ಲಿದ್ದ. ಪ್ಲೇಸ್‌ಮೆಂಟ್ ಪರೀಕ್ಷೆಯನ್ನು ಅವನು ಕೆಲಸದ ಮಧ್ಯೆ ಸಿಕ್ಕ ಬಿಡುವಿನಲ್ಲಿ ಫೋನಿನಲ್ಲಿ ಬರೆದಿದ್ದ. ಅದರ ಮೇಲೆ ಇಷ್ಟೆಲ್ಲ ನಿಂತಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ತನ್ನನ್ನು ನೇರವಾಗಿ ಕ್ಯಾಲ್ಕುಲಸ್‌ಗೆ ಕಳುಹಿಸಿ ಎಂದು ಕೇಳಲು ಬಂದಾಗ, ಬುನಾದಿ ಗಟ್ಟಿಯಾಗಲಿ, ಅವಸರ ಬೇಡ ಎಂದು ಹಿರಿಯನಂತೆ ಬುದ್ಧಿ ಹೇಳಿ ಕಳುಹಿಸಿದೆ. ಅವನು ಎರಡನೆಯ ವರ್ಷಕ್ಕೆ ಬರಲಿಲ್ಲ. ಅವನ ಹಾಗೆಯೇ ಹೋದವರು ಅನೇಕರು, ಮತ್ತು ಅವರು ಹೋದದ್ದು ನಾವು ಹೋಗಿ ಕರೆತಂದಿದ್ದ ಅದೇ ಬೀದಿಗಳಿಗೆ, ಅದೇ ಮನೆಗಳಿಗೆ. ಮುಂದಿನ ಬಾರಿ ಆ ಹೈಸ್ಕೂಲಿಗೆ ಹೋದಾಗ ಅಲ್ಲಿನ ಕೌನ್ಸೆಲರ್ ಸೌಜನ್ಯದಿಂದಲೇ, ‘ನಮ್ಮ ಮಕ್ಕಳು ಇಲ್ಲಿ ಓದಿ ಮುಗಿಸಿದ್ದನ್ನೇ ಹಣ ತೆಗೆದುಕೊಂಡು ಮತ್ತೆ ಓದಿಸುತ್ತೀರಂತೆ’ ಎಂದರು. ಆ ವರ್ಷ ಅಲ್ಲಿಂದ ಅರ್ಜಿಗಳು ಬರಲಿಲ್ಲ. ನಮ್ಮ ಪ್ರಚಾರಪತ್ರ ಹೇಗಿತ್ತೆಂಬುದಕ್ಕೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಚೌಕಟ್ಟನ್ನು ನಾನು ಒಪ್ಪುವುದಿಲ್ಲ. ಕರೆತರುವುದು ಒಂದು ಕೆಲಸ, ಉಳಿಸಿಕೊಳ್ಳುವುದು ಇನ್ನೊಂದು, ಮೊದಲನೆಯದಕ್ಕೆ ಹಣ ಹಂಚಿದ ಮೇಲೆ ಎರಡನೆಯದನ್ನು ನೋಡಿಕೊಳ್ಳೋಣ ಎಂಬ ವಿಂಗಡಣೆಯೇ ಸುಳ್ಳು.

ನನಗೆ ಬುದ್ಧಿ ಬರುವ ಬಹಳ ಹಿಂದೆಯೇ, 1970ರ ದಶಕದಲ್ಲಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತಜ್ಞ ಯೂರಿ ಟ್ರೈಸ್‌ಮನ್ ಇದನ್ನು ಕಂಡುಕೊಂಡಿದ್ದರು. ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಏಕೆ ಹಿಂದುಳಿಯುತ್ತಾರೆಂದು ಅಧ್ಯಾಪಕರನ್ನು ಕೇಳಿದಾಗ ಆಸಕ್ತಿಯ ಕೊರತೆ, ಸಿದ್ಧತೆಯ ಕೊರತೆ, ಮನೆಯ ಬೆಂಬಲದ ಕೊರತೆ ಎಂಬ ಉತ್ತರಗಳೇ ಬಂದವು. ವಿದ್ಯಾರ್ಥಿಗಳ ಜೊತೆಗಿದ್ದು ನೋಡಿದರೆ ಅವುಗಳಲ್ಲಿ ಯಾವುದೂ ನಿಲ್ಲಲಿಲ್ಲ. ಅಲ್ಲಿನ ಚೀನೀ ಮೂಲದ ವಿದ್ಯಾರ್ಥಿಗಳು ಒಬ್ಬೊಬ್ಬರೇ ಲೆಕ್ಕ ಮಾಡಿ, ಆಮೇಲೆ ಗುಂಪಾಗಿ ಕೂತು ಉತ್ತರಗಳನ್ನು ತಾಳೆ ನೋಡುತ್ತಿದ್ದರು. ಕಪ್ಪು ವಿದ್ಯಾರ್ಥಿಗಳು, ಹೈಸ್ಕೂಲಿನಲ್ಲಿ ತಮ್ಮನ್ನು ಕಾಪಾಡಿದ ಅಭ್ಯಾಸದಂತೆ, ಒಂಟಿಯಾಗಿಯೇ ಓದುತ್ತಿದ್ದರು. ಹಿಂದುಳಿದವರಿಗೆಂದು ತೆರೆದಿದ್ದ ಸಹಾಯಕೇಂದ್ರಗಳ ಹತ್ತಿರ ಅವರು ಸುಳಿಯುತ್ತಿರಲಿಲ್ಲ, ಏಕೆಂದರೆ ಅವರು ತಮ್ಮನ್ನು ಹಿಂದುಳಿದವರೆಂದು ಭಾವಿಸಿರಲೇ ಇಲ್ಲ, ಅದು ನಿಜವೂ ಆಗಿತ್ತು. ಆ ವಿದ್ಯಾರ್ಥಿಗಳಿಗೆ ಟ್ರೈಸ್‌ಮನ್ ಸುಲಭದ ಲೆಕ್ಕಗಳನ್ನು ಕೊಡಲಿಲ್ಲ. ಕ್ಯಾಲ್ಕುಲಸ್‌ನ ಜೊತೆಜೊತೆಯಲ್ಲೇ ಗುಂಪಾಗಿ ಕೂತು ಬಿಡಿಸಬೇಕಾದ ಕಠಿಣ ಲೆಕ್ಕಗಳ ಕಾರ್ಯಾಗಾರವನ್ನು ನಡೆಸಿದರು. ಅದು ಫಲಿಸಿತು. ನಾವೂ ಕೊನೆಗೆ ಆ ಕ್ರೆಡಿಟ್ ಇಲ್ಲದ ತರಗತಿಯನ್ನು ಮುಚ್ಚಿ, ಯಾರು ಬೇಕಾದರೂ ಸೇರಬಹುದಾದ ಇಂಥ ಕಾರ್ಯಾಗಾರವನ್ನು ಆರಂಭಿಸಿದೆವು. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಂತಹ ಬೃಹತ್ ವ್ಯವಸ್ಥೆಯೇ 2018ರಲ್ಲಿ ಕ್ರೆಡಿಟ್ ಇಲ್ಲದ ಪೂರ್ವಸಿದ್ಧತಾ ತರಗತಿಗಳನ್ನು ಕೈಬಿಟ್ಟಿತು. ಆದರೂ ನಿಮ್ಮ ವಿಭಾಗದಲ್ಲಿ ಯಾರಾದರೊಬ್ಬರು ‘ಬುನಾದಿ’ ಎಂಬ ಮಾತನ್ನು ಎತ್ತಿಯೇ ಎತ್ತುತ್ತಾರೆ. ನಾನೂ ಎತ್ತಿದ್ದೆ.

‘ಯಾರು ಬೇಕಾದರೂ ಸೇರಬಹುದು’ ಎಂಬುದು ಈಗ ಕಾನೂನಿನ ದೃಷ್ಟಿಯಿಂದಲೂ ಮುಖ್ಯ. 2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ತಡೆಯಿತು. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ, ಮಿಶಿಗನ್‌ನಲ್ಲಿ 2006ರಲ್ಲಿ ಮತದಾರರೇ ಇಂಥ ನಿಷೇಧವನ್ನು ತಂದಿದ್ದರು. ಇದರಿಂದ ಎಲ್ಲವೂ ಮುಗಿಯಿತೆಂದು ನಿಮ್ಮ ಸಮಿತಿಯಲ್ಲಿ ಗೋಳಾಡುವವರಿದ್ದರೆ ಮೇರಿಲ್ಯಾಂಡ್‌ನ ಸಾರ್ವಜನಿಕ ವಿಶ್ವವಿದ್ಯಾಲಯವಾದ ಯುಎಂಬಿಸಿಯಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಓದುವವರಿಗಿರುವ ಮೈಯರ್‌ಹಾಫ್ ವಿದ್ಯಾರ್ಥಿವೇತನ ಯೋಜನೆಯನ್ನು ತೋರಿಸಿ. 1988ರಲ್ಲಿ ಕಪ್ಪು ಯುವಕರಿಗಾಗಿ ಆರಂಭವಾದ ಅದು 1996ರಿಂದ ಎಲ್ಲ ಹಿನ್ನೆಲೆಯವರಿಗೂ ತೆರೆದಿದೆ. ಅದರ ಜೀವಾಳವಿರುವುದು ಗುಂಪು ಅಧ್ಯಯನದಲ್ಲಿ, ಆರಂಭದಿಂದಲೇ ಸಿಗುವ ಸಂಶೋಧನೆಯ ಕೆಲಸದಲ್ಲಿ ಮತ್ತು ವಿದ್ಯಾರ್ಥಿಯಿಂದ ಉನ್ನತ ಸಾಧನೆಯನ್ನೇ ನಿರೀಕ್ಷಿಸುವ ಅಧ್ಯಾಪಕರಲ್ಲಿ.

ಹಣದ ವಿಷಯಕ್ಕೆ ಬಂದರೆ, ಅದರ ದೊಡ್ಡ ಪಾಲನ್ನು ಹೊಸಬರಿಗೆ ಕೊಡದೆ ಈಗಾಗಲೇ ಒಳಗಿರುವವರಿಗೆ ಇಡಿ ಎನ್ನುತ್ತೇನೆ. ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯವು ಕೆಲವೇ ನೂರು ಡಾಲರ್‌ಗಳ ಬಾಕಿಗಾಗಿ ವಿದ್ಯಾರ್ಥಿಗಳ ಹೆಸರು ತರಗತಿಯ ಪಟ್ಟಿಯಿಂದ ಹೋಗುತ್ತಿರುವುದನ್ನು ಗಮನಿಸಿ, 2011ರಲ್ಲಿ ಅವರು ಅರ್ಜಿ ಹಾಕುವವರೆಗೆ ಕಾಯದೆ ತಾನೇ ಆ ಬಾಕಿಯನ್ನು ತುಂಬುವ ಸಣ್ಣ ಅನುದಾನವನ್ನು ಆರಂಭಿಸಿತು. ಮರುವರ್ಷದಿಂದ ಪ್ರತಿ ವಿದ್ಯಾರ್ಥಿಯ ಅಂಕ ಮತ್ತು ನೋಂದಣಿಯನ್ನು ದಿನವೂ ಗಮನಿಸಿ, ಹಾದಿ ತಪ್ಪಿದ ಕೂಡಲೇ ಅಡ್ವೈಸರ್‌ಗಳು ಕರೆ ಮಾಡುವ ವ್ಯವಸ್ಥೆಯನ್ನೂ ತಂದಿತು. 2003ರಲ್ಲಿ ಶೇಕಡಾ 32ರಷ್ಟಿದ್ದ ಅಲ್ಲಿ ಸೇರಿದ ಆರು ವರ್ಷಗಳೊಳಗೆ ಪದವಿ ಮುಗಿಸುವವರ ಪ್ರಮಾಣ ಶೇಕಡಾ 50ನ್ನು ದಾಟಿತು, ಮತ್ತು ಕಪ್ಪು ಹಾಗೂ ಬಿಳಿಯ ವಿದ್ಯಾರ್ಥಿಗಳ ನಡುವಿನ ಅಂತರ ಅಳಿಸಿಹೋಯಿತು.

ಪ್ರಚಾರದಲ್ಲಿ ನಾನು ನಂಬುವುದು ಒಂದನ್ನೇ. ಮಿಶಿಗನ್ ವಿಶ್ವವಿದ್ಯಾಲಯವು 2015ರಲ್ಲಿ ಕಡಿಮೆ ಆದಾಯದ ಕುಟುಂಬಗಳ ಪ್ರತಿಭಾವಂತ ಮಕ್ಕಳಿಗೆ, ಪ್ರವೇಶ ಸಿಕ್ಕರೆ ನಾಲ್ಕು ವರ್ಷ ಬೋಧನಾ ಶುಲ್ಕವಿಲ್ಲ ಎಂಬ ಖಚಿತ ಭರವಸೆಯನ್ನು ಹೆಸರು ಹಾಕಿ ಅಂಚೆಯಲ್ಲಿ ಕಳುಹಿಸಿತು. ಪತ್ರ ಪಡೆದವರಲ್ಲಿ ಸುಮಾರು ಶೇಕಡಾ 68 ಮಂದಿ ಅರ್ಜಿ ಹಾಕಿದರು. ಪಡೆಯದವರಲ್ಲಿ ಹಾಕಿದ್ದು ಸುಮಾರು ಶೇಕಡಾ 26. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಅಷ್ಟು ನೆರವು ಮೊದಲೂ ಸಿಗುತ್ತಿತ್ತು. ಅದು ಸಿಗುತ್ತದೆಂಬ ಖಾತ್ರಿ ಮಾತ್ರ ಇರಲಿಲ್ಲ. ನಿಮ್ಮ ವಿಶ್ವವಿದ್ಯಾಲಯಕ್ಕೆ ಅಂಥ ಖಾತ್ರಿ ಕೊಡುವ ಶಕ್ತಿಯಿಲ್ಲದಿದ್ದರೆ ಬಣ್ಣದ ಕಾಗದಕ್ಕೆ ಹಣ ಹಾಕಬೇಡಿ.

ಮುಂದಿನ ಸಭೆಗೆ ಮೊದಲು ರಿಜಿಸ್ಟ್ರಾರ್ ಕಚೇರಿಯಿಂದ, ಮೊದಲ ವರ್ಷದ ಯಾವ ತರಗತಿಗಳಲ್ಲಿ ಅತಿ ಹೆಚ್ಚು ಜನ ನಪಾಸಾಗುತ್ತಾರೆ ಅಥವಾ ನಡುವೆಯೇ ಬಿಡುತ್ತಾರೆ ಎಂಬ ಪಟ್ಟಿಯನ್ನು ತರಿಸಿಕೊಳ್ಳಿ, ಮತ್ತು ಅವುಗಳಲ್ಲಿ ಪದವಿಯ ಲೆಕ್ಕಕ್ಕೆ ಸೇರದವು ಎಷ್ಟಿವೆ ಎಂದು ಕೇಳಿ. ಆಮೇಲೂ ಹೈಸ್ಕೂಲು ಭೇಟಿಗೆ ಹಣ ಉಳಿದರೆ ನೀವು ಹೋಗಬೇಡಿ. ಅದೇ ಶಾಲೆಗಳಿಂದ ಬಂದು ಈಗ ಎರಡನೆಯ ವರ್ಷದಲ್ಲಿರುವವರನ್ನು ಗಂಟೆಗಿಷ್ಟೆಂದು ಸಂಬಳ ಕೊಟ್ಟು ಕಳುಹಿಸಿ, ಅಲ್ಲಿ ಅವರು ಏನು ಹೇಳಬೇಕೆಂಬುದನ್ನು ಬರೆದುಕೊಡಬೇಡಿ.