ಎಲ್ಲರಿಗೂ ಹತ್ತು ಗಂಟೆಯೇ ಏಕೆ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: ‘ಹತ್ತು ಗಂಟೆಗೆ ಬನ್ನಿ ಎಂದವರು ನಮ್ಮ ಅತ್ತೆಯವರನ್ನು ಒಳಗೆ ಕರೆದದ್ದು ಒಂದೂವರೆಗೆ. ವಿಚಾರಿಸಿದರೆ, ಅಲ್ಲಿದ್ದ ಎಲ್ಲರಿಗೂ ಅದೇ ಹತ್ತು ಗಂಟೆ! ಬೇರೆ ಬೇರೆ ಸಮಯ ಕೊಟ್ಟರೆ ಆಸ್ಪತ್ರೆಗೆ ಏನು ನಷ್ಟ?’

ಸಂಪಾದಕರ ಉತ್ತರ:

ನಿಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಆದರೂ ಎದ್ದುಹೋದಾಗಲೇ ಕರೆದುಬಿಟ್ಟರೆ ಎಂಬ ಭಯಕ್ಕೆ ಕ್ಯಾಂಟೀನಿಗೂ ಹೋಗದೆ, ಚೀಲದಲ್ಲಿದ್ದ ಎರಡು ಬಿಸ್ಕತ್ತು ತಿಂದು ಕುಳಿತಿದ್ದರು ಎಂದು ಬರೆದಿದ್ದೀರಿ. ಓದಿ ಸಂಕಟವಾಯಿತು.

ವೈದ್ಯರು ಒಂದು ನಿಮಿಷವೂ ಸುಮ್ಮನೆ ಕೂರಬಾರದು ಎಂಬುದು ಆಸ್ಪತ್ರೆಯ ಲೆಕ್ಕ. ಸಮಯ ಪಡೆದ ರೋಗಿ ಬಾರದೆ ಹೋಗಬಹುದು, ತಡವಾಗಬಹುದು. ಬಾಗಿಲಲ್ಲಿ ಜನರಿದ್ದರೆ ಚಿಂತೆಯಿಲ್ಲ. ಆದರೆ ಉಳಿಸಿದ ಆ ನಿಮಿಷಗಳಿಗೆ ರೋಗಿಗಳು ಅರ್ಧ ದಿನದ ಕೂಲಿ ತೆರುತ್ತಾರೆ. ಇದು ನ್ಯಾಯವಲ್ಲ.

ದಾರಿ ಹೊಸದೇನಲ್ಲ. ಬ್ರಿಟನ್ನಿನ ಸಂಶೋಧಕರಾದ ನಾರ್ಮನ್ ಬೈಲಿ ಮತ್ತು ವೆಲ್ಚ್ 1952ರಲ್ಲೇ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಚರ್ಚಿಸಿದ್ದರು. ಅವರ ಹೆಸರಿನಲ್ಲಿ ಉಳಿದಿರುವ ನಿಯಮ ಇಷ್ಟೇ: ಬಾಗಿಲು ತೆರೆಯುವ ಹೊತ್ತಿಗೆ ಇಬ್ಬರನ್ನು ಕರೆಯಿರಿ, ಉಳಿದವರಿಗೆ, ಒಬ್ಬರನ್ನು ನೋಡಲು ಸರಾಸರಿ ಹಿಡಿಯುವಷ್ಟು ಅಂತರದಲ್ಲಿ ಒಬ್ಬೊಬ್ಬರಿಗೇ ಸಮಯ ಕೊಡಿ. ಮೊದಲನೆಯವರು ಬಾರದಿದ್ದರೂ ವೈದ್ಯರ ಕೈ ಖಾಲಿಯಿರದು. ವೈದ್ಯರೇ ಮುಕ್ಕಾಲು ಗಂಟೆ ತಡವಾಗಿ ಬಂದರೆ ಮಾತ್ರ ಯಾವ ನಿಯಮವೂ ಕೈಹಿಡಿಯುವುದಿಲ್ಲ.

ಬೇರೆ ಬೇರೆ ಸಮಯ ಕೊಟ್ಟು ದಿನವನ್ನು ಕಿಕ್ಕಿರಿದು ತುಂಬಿದರೂ ಕಷ್ಟವೇ. ಒಬ್ಬರಿಗೆ ಎರಡು ನಿಮಿಷ ಸಾಕು, ಇನ್ನೊಬ್ಬರಿಗೆ ಇಪ್ಪತ್ತು ಬೇಕು. ಜನ ತೋಚಿದಾಗ ಬರುವ ಕಡೆ, ಸರಾಸರಿ ಆರು ನಿಮಿಷದ ತಪಾಸಣೆ ಎಂದಿಟ್ಟುಕೊಳ್ಳಿ. ಸರದಿ ಲೆಕ್ಕದ ಸರಳ ಸೂತ್ರದಂತೆ, ವೈದ್ಯರ ಸಮಯ ಶೇ 80ರಷ್ಟು ತುಂಬಿದ್ದರೆ ಸರಾಸರಿ ಕಾಯುವಿಕೆ 24 ನಿಮಿಷ. ಶೇ 90 ಆದರೆ 54 ನಿಮಿಷ! ಸಮಯ ನಿಗದಿಪಡಿಸಿದರೆ ಇದು ತಗ್ಗುತ್ತದೆ, ಆದರೂ ನಡುನಡುವೆ ಬಿಡುವು ಬೇಕೇ ಬೇಕು. ತುರ್ತಾಗಿ ಬಂದವರನ್ನು ನೋಡುವುದೂ ಆ ಬಿಡುವಿನಲ್ಲೇ.

ಮೊಬೈಲಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹೊರರೋಗಿ ಟೋಕನ್ ಪಡೆಯುವ ವ್ಯವಸ್ಥೆಯನ್ನು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2022ರಲ್ಲಿ ತಂದಿತು. ಒಳ್ಳೆಯದೇ. ಆದರೆ ಅದು ಚೀಟಿ ಕೌಂಟರಿನ ಸಾಲನ್ನು ಕರಗಿಸುತ್ತದೆ, ವೈದ್ಯರ ಬಾಗಿಲ ಸಾಲನ್ನಲ್ಲ.

ಮುಂದಿನ ಸಲ ಹೊರಡುವ ಮುನ್ನ ಫೋನ್ ಮಾಡಿ, ಎಷ್ಟನೇ ನಂಬರ್ ನಡೆಯುತ್ತಿದೆ ಎಂದು ಕೇಳಿ. ಅತ್ತೆಯವರಿಗೆ ಸಕ್ಕರೆ ಇದೆ ಎಂದು ಸಿಸ್ಟರ್‌ಗೆ ತಿಳಿಸಿ, ಸರದಿ ಕಾಯ್ದಿಡಿ ಎಂದು ಕೇಳಿ, ಅವರಿಗೆ ಊಟ ಮಾಡಿಸಿ. ಸಂಕೋಚ ಬೇಡ.