ದಕ್ಷಿಣ ಅಮೆರಿಕದಲ್ಲಿ ಡಚ್ಚರ ವಸಾಹತಾಗಿದ್ದ ಸುರಿನಾಮ್‌ನಲ್ಲಿ ಗುಲಾಮಗಿರಿ ರದ್ದಾಗಿದ್ದು 1863ರಲ್ಲಿ ಅಲ್ವಾ? ಮತ್ತೆ 150ನೇ ವರ್ಷವನ್ನು 2023ರಲ್ಲಿ ಆಚರಿಸಿದ್ದೇಕೆ?

ಕಾನೂನು ಜಾರಿಯಾಗಿದ್ದು 1863ರ ಜುಲೈ 1ಕ್ಕೆ, ನಿಜ. ಆದರೆ ಹೆಚ್ಚಿನವರಿಗೆ ಅಂದು ಪೂರ್ತಿ ಬಿಡುಗಡೆ ಸಿಗಲಿಲ್ಲ. ಇನ್ನೂ 10 ವರ್ಷ ಸರ್ಕಾರದ ನಿಗಾದಲ್ಲಿ, ಕರಾರಿನ ಮೇಲೆ ದುಡಿಯಲೇಬೇಕು ಎಂದು ಡಚ್ಚರು ಕಟ್ಟು ಹಾಕಿದರು. ಅದು ಮುಗಿದಿದ್ದು 1873ರಲ್ಲಿ; 150 ವರ್ಷದ ಲೆಕ್ಕ ಅಲ್ಲಿಂದಲೇ. ಮಾಲೀಕರಿಗೆ ಒಬ್ಬೊಬ್ಬ ಗುಲಾಮನ ಲೆಕ್ಕಕ್ಕೆ 300 ಗಿಲ್ಡರ್ (ಆಗಿನ ಡಚ್ ಹಣ) ಪರಿಹಾರ ಸಿಕ್ಕಿತು. ದುಡಿದವರಿಗೆ ಬಿಡಿಗಾಸೂ ಇಲ್ಲ! ಇದು ನನಗೆ ಜಾಸ್ತಿ ನೋವು ಕೊಡುವ ಸಂಗತಿ. ಅದೇ 1873ರಲ್ಲಿ ಭಾರತದ ಕೂಲಿಗಳನ್ನು ಹೊತ್ತ ಮೊದಲ ಹಡಗು ಅಲ್ಲಿಗೆ ತಲುಪಿತು.

ಜುಲೈ 1 ಅಲ್ಲಿ ಗುಲಾಮಗಿರಿ ರದ್ದಾದ ನೆನಪಿನ 'ಕೇಟಿ ಕೋಟಿ' ಹಬ್ಬ. ರಾಜಧಾನಿ ಪರಮಾರಿಬೊದಲ್ಲಿ ಹೆಂಗಸರು ಅಗಲವಾದ 'ಕೋಟೋ' ಉಡುಪು ತೊಟ್ಟು, ತಲೆಗೆ ಗಂಜಿ ಹಾಕಿದ 'ಅಂಗಿಸಾ' ಬಟ್ಟೆ ಕಟ್ಟುತ್ತಾರೆ. ಬಟ್ಟೆ ಮಡಿಸಿದ ರೀತಿಯಲ್ಲೇ ಸಿಟ್ಟು, ಖುಷಿ ಹೇಳಿಬಿಡುತ್ತಿದ್ದರು. 2023ರ ಹಬ್ಬದ ದಿನವೇ ಡಚ್ ರಾಜ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು.