ಎಸಿ ಹಾಕಿದರೆ ಮೈಲೇಜ್ ಇಷ್ಟೊಂದು ಇಳಿಯುತ್ತಾ?

ನಿಮ್ಮ ಕಾರಿನ ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್‌ನಲ್ಲಿ ಧೂಳು ಕಟ್ಟಿಕೊಂಡು, ಎಸಿ ಗ್ಯಾಸನ್ನು ಒತ್ತಿ ಕಳಿಸುವ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿರಬಹುದು. ಎಸಿ ಹಾಕಿದರೆ ಲೀಟರಿಗೆ 18 ಕಿ.ಮೀ. ಇದ್ದದ್ದು 12ಕ್ಕೆ ಬಂತು ಎಂದಿದ್ದೀರಿ. ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬಲದಿಂದಲೇ, ಹಾಗಾಗಿ ಸ್ವಲ್ಪ ಇಳಿಯುವುದು ಸಹಜ. ಇಷ್ಟು ಮಾತ್ರ ಜಾಸ್ತಿಯೇ.

ಮೊದಲು ಲೆಕ್ಕ ಸರಿ ಇದೆಯಾ ನೋಡಿ. ಫುಲ್ ಟ್ಯಾಂಕ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ; ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಅದೇ ದಾರಿಯಲ್ಲಿ ಒಮ್ಮೆ ಎಸಿ ಹಾಕಿ, ಒಮ್ಮೆ ಹಾಕದೆ. ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗುವಾಗ ಕಾರು ಓಡದಿದ್ದರೂ ಎಸಿ ಇಂಧನ ತಿನ್ನುತ್ತಲೇ ಇರುತ್ತದೆ, ಅಲ್ವಾ? ಟಯರ್ ಗಾಳಿಯನ್ನೂ ಆಗಲೇ ನೋಡಿಬಿಡಿ.

ಆಮೇಲೆ ರೇಡಿಯೇಟರ್ ಮುಂದಿರುವ ಕಂಡೆನ್ಸರ್ ತೊಳೆಯಿರಿ. ಎಂಜಿನ್ ತಣ್ಣಗಿರಲಿ, ನೀರು ಮೆಲ್ಲಗೆ ಬಿಡಿ. ಜೋರಾಗಿ ಹೊಡೆದರೆ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿ ಆಡುವುದೇ ಇಲ್ಲ. ಕಾರಿನೊಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಕಪ್ಪಾಗಿದ್ದರೆ ಬದಲಿಸಿ. ಎಸಿ ಹಾಕಿದಾಗ ಮುಂದಿನ ಫ್ಯಾನ್ ತಿರುಗುತ್ತಿದೆಯಾ ಎಂದೂ ನೋಡಿ.

ಇಷ್ಟಾದ ಮೇಲೂ ತಂಪು ಕಡಿಮೆ ಇದ್ದರೆ ಎಸಿ ಗ್ಯಾಸ್ ಸೋರುತ್ತಿರಬಹುದು. ಗ್ಯಾಸ್ ಕಡಿಮೆಯಾಗಿದೆಯಾ ಎಂದು ಮೆಕ್ಯಾನಿಕ್ ಹತ್ತಿರ ಒತ್ತಡ ಅಳೆಯುವ ಗೇಜ್ ಹಾಕಿಸಿ ನೋಡಿ. ಸೋರಿಕೆ ಹುಡುಕದೆ ಸುಮ್ನೆ ಗ್ಯಾಸ್ ತುಂಬಿಸಬೇಡಿ, ದಯವಿಟ್ಟು. ಮತ್ತೆ ಅದೇ ಕಥೆಯಾಗುತ್ತದೆ.

ಬಿಸಿಲಲ್ಲಿ ನಿಂತ ಕಾರಾದರೆ ಒಂದೆರಡು ನಿಮಿಷ ಕಿಟಕಿ ಇಳಿಸಿ ಓಡಿಸಿ. ಬಿಸಿಗಾಳಿ ಹೊರಗೆ ಹೋದ ಮೇಲೆ ಎಸಿ ಹಾಕಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ. ಹೆದ್ದಾರಿಯ ವೇಗದಲ್ಲಿ ಮಾತ್ರ ಕಿಟಕಿ ತೆರೆದಿಡಬೇಡಿ, ಗಾಳಿಯ ತಡೆಗೂ ಇಂಧನ ಖರ್ಚಾಗುತ್ತದೆ.